ಉಯಿಲಿನ ಗಂಟು

ನರ್ಸು ಬೀರುವಿನ ಹಲಗೆಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಿದ್ದಳು. ಗಂಡನ ಅಕ್ಕ ಬಾಗಿಲಲ್ಲಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದಳು. ತನ್ನ ಮೊದಲ ಮದುವೆಯ ಪುಟ್ಟ ಮಗಳನ್ನು ಕರೆದುಕೊಂಡು, ನರ್ಸು ಈ ಮನೆಗೆ ಎರಡನೇ ಹೆಂಡತಿಯಾಗಿ ಬಂದು ಒಂಬತ್ತು ದಿನವಾಗಿತ್ತು. ಕೆಳಗಿನ ಹಲಗೆಯಲ್ಲಿ ಸುರುಳಿ ಸುತ್ತಿದ ಕಾಗದವಿತ್ತು. ಅದಕ್ಕೆ ಬಿಗಿದ ಕಪ್ಪು ದಾರ. ದಾರದೊಳಗೆ ಹೆಣೆದ ಉದ್ದ ಕೂದಲು.

“ಅದನ್ನ ಮುಟ್ಟಬೇಡ,” ಅಂದಳು ಅಕ್ಕ. “ತಮ್ಮನ ಉಯಿಲು ಅದು. ಮನೆ ಮೊದಲನೆಯವಳಿಗೆ, ಅವಳಿಲ್ಲದಿದ್ರೆ ಅವಳ ಅಣ್ಣನಿಗೆ ಅಂತಿದೆ. ಸಾಯೋ ಮುಂಚೆ ಅವಳೇ ಮಾಟ ಮಾಡಿಸಿ ಕಟ್ಟಿಸಿದ್ದು. ಗಂಟು ಇರೋವರೆಗೂ ಹೊಸದು ಬರೆಯೋಕೆ ಇವನ ಕೈ ಓಡಲ್ಲ. ಅವಳ ಹಟ ಇಳಿದ ದಿನ ತಾನಾಗೇ ಬಿಚ್ಚಿಕೊಳ್ಳುತ್ತಂತೆ. ಅವತ್ತೇ, ಹೊತ್ತು ಮುಳುಗೋದ್ರೊಳಗೆ ಬರೆಸಿಬಿಡಬೇಕು.”

ನರ್ಸು ನಕ್ಕಳು. “ಅಕ್ಕಾ, ಆಸ್ಪತ್ರೇಲಿ ದಿನಕ್ಕೆ ನೂರು ಗಂಟು ಕಟ್ತೀನಿ ನಾನು. ಇವತ್ತಿನವರೆಗೂ ಯಾವ ಹೆಣಾನೂ ಎದ್ದು ಬಂದು ಬಿಚ್ಚು ಅಂದಿಲ್ಲ.”

“ನಗು, ನಗು. ಅವನ ಹೃದಯ ಎಷ್ಟು ವೀಕು ಅಂತ ನಿಂಗೇ ಗೊತ್ತು. ನಾಳೆ ಹೆಚ್ಚುಕಮ್ಮಿ ಆದ್ರೆ ಮಗಳನ್ನ ಕಟ್ಕೊಂಡು ಬೀದೀಲಿ ನಿಲ್ತೀಯ.”

ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ನರ್ಸು ಬೀರು ತೆಗೆದಾಗ ದಾರ ಸಡಿಲವಾಗಿ, ತುದಿ ಜೋಲಾಡುತ್ತಿತ್ತು. ಜೋಲಾಡುವ ಪಟ್ಟಿ, ಜೋಲಾಡುವ ದಾರ ಅವಳಿಗಾಗದು. ಮನಸ್ಸಿಗಿಂತ ಮುಂಚೆ ಬೆರಳು ಓಡಿತು. ಆಸ್ಪತ್ರೆಯ ಇಮ್ಮಡಿ ಗಂಟು. ಬಿಗಿಯುವಾಗ ನೆತ್ತಿಯಲ್ಲಿ ಚುರ್ ಎಂದಿತು. ಅವಳದೇ ಕೂದಲೊಂದು ಗಂಟಿಗೆ ಸಿಕ್ಕಿತ್ತು. ಸುಟ್ಟ ಕೂದಲಿನ ವಾಸನೆ ಬೀರುವಿನಿಂದ ಹೊರಗೆ ಬಂತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಇದನ್ನು ತಮಾಷೆಯಾಗಿಯೇ ಹೇಳಿದಳು.

ಅಕ್ಕನ ಕೈಯಿಂದ ಲೋಟ ಜಾರಿತು. “ಎರಡು ವರ್ಷ ಕಾದಿದ್ವಲ್ಲೇ! ಬಿಚ್ಚಿದ್ದನ್ನ ಕಟ್ಟಿಬಿಟ್ಯಾ?”

“ಆಗಲಿ ಬಿಡಿ, ಈಗಲೇ ಬರೆಸೋಣ,” ಎಂದ ಗಂಡ.

ಪತ್ರ ಬರೆಯುವವನು ಬಂದ. ಪಕ್ಕದ ಮನೆಯ ಇಬ್ಬರು ಸಾಕ್ಷಿಗೆ ಕೂತರು. ಕಾಗದ ಸಿದ್ಧವಾಯಿತು. ಗಂಡ ಸಹಿಗೆ ಬಾಗಿದ. ಪೆನ್ನು ನಿಂತಿತು. ಕಿರುಬೆರಳು ಮಡಚಿತು. ಆಮೇಲೆ ಉಂಗುರದ ಬೆರಳು. ಒಂದೊಂದಾಗಿ, ಒಳಗಿನಿಂದ ಯಾರೋ ಎಳೆದ ಹಾಗೆ, ಮುಷ್ಟಿ ಕಟ್ಟಿತು. ಪೆನ್ನು ಉರುಳಿತು.

“ಪೆನ್ನು ಹಿಡೀರಿ!” ಎಂದು ಕೂಗಿ ನರ್ಸು ಬೀರುವಿನತ್ತ ಓಡಿದಳು. ಕತ್ತರಿ ಹಾಕಿದಳು. ಜಾರಿತು. ಉಗುರು ಹಾಕಿದಳು. ಮುರಿಯಿತು. ಹಲ್ಲಿನಿಂದ ಕಚ್ಚಿ ಎಳೆದಳು. ಎಳೆದಷ್ಟೂ ಅವಳದೇ ನೆತ್ತಿ ಕಿತ್ತು ಬಂದ ಹಾಗಾಯಿತು. ದಿನಾ ಕಟ್ಟುವ ಗಂಟು. ಬಿಚ್ಚಲು ಬಾರದ ಗಂಟು. ತನ್ನ ಕೈಯ ಮೇಲೆ ತನಗೇ ಬಂದ ಸಿಟ್ಟಿಗೆ ಅವಳು ಗೋಡೆಗೆ ಗುದ್ದಿದಳು.

ಗೋಡೆಯ ಮೇಲಿನ ಬಿಸಿಲು ಮೇಲಕ್ಕೇರಿ ಆರಿತು.

ಅವಳು ಹೊರಗೆ ಬಂದಾಗ ಸಾಕ್ಷಿಯವರ ಕುರ್ಚಿ ಖಾಲಿ. ಅಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮಗಳು ಶಾಲೆಯ ಚೀಲ ಇಳಿಸದೆ ಬಾಗಿಲಲ್ಲೇ ಉಳಿದಿದ್ದಳು. ಗಂಡ ಮೇಜಿನ ಮೇಲೆ ತಲೆಯಿಟ್ಟಿದ್ದ. ನರ್ಸು ಅವನ ಬೆರಳುಗಳನ್ನು ಬಿಡಿಸಿದಳು. ತಣ್ಣಗಿದ್ದವು. ಆ ತಣುಪು ಎಂಥದೆಂದು ಹೆಣಗಳನ್ನು ಮುಟ್ಟಿ ಬಲ್ಲ ಅವಳ ಕೈಗೆ ಗೊತ್ತಿತ್ತು. ಆದರೂ ಪೆನ್ನನ್ನು ನಡುವೆ ತುರುಕಿದಳು.

“ರೀ, ಒಂದು ಸಹಿ ಹಾಕಿ.”