ಸದ್ದು ತಗ್ಗಿಸಿದ ಸುರಂಗ

ಇಷ್ಟೇನಾ? ಇಷ್ಟಕ್ಕೇನಾ ನಾನು ಎರಡು ಸಲ, ಸ್ಕ್ಯಾನ್ ಶುರುವಾಗೋ ಮೊದಲೇ ಎದ್ದು ಓಡಿದ್ದು? ಅಥವಾ... ಇವನು ಏನನ್ನೋ ಮುಚ್ಚಿಡುತ್ತಿದ್ದಾನಾ?

ಅಭ್ಯಾಸಕ್ಕೆಂದು ಕಣ್ಣಿಗೆ ಕಟ್ಟಿದ, ಇಲ್ಲದ್ದನ್ನು ಇದ್ದಂತೆ ತೋರಿಸುವ ವಿಆರ್ ಕನ್ನಡಕದಲ್ಲಿ ಅವಳು ಸ್ಕ್ಯಾನ್ ಯಂತ್ರದ ಬಿಳಿ ಸುರಂಗದೊಳಗಿದ್ದಳು. ನಿಜಕ್ಕೂ ಮಲಗಿದ್ದು ಪಕ್ಕದ ಕೋಣೆಯ ಮಂಚದ ಮೇಲೆ. ಎಲ್ಲೋ ದೂರದಲ್ಲಿ ಸಣ್ಣಗೆ ಟಕ್ ಟಕ್ ಸದ್ದು.

"ಒಳಗೂ ಹೀಗೇ ಇರುತ್ತೆ," ಎಂದ ತಂತ್ರಜ್ಞ.

ಹದಿನಾಲ್ಕು ವರ್ಷ ಬಸ್ಸು ಓಡಿಸಿದವಳು ಅವಳು. ಎಡಗಿವಿಯ ಹಿಂದೆ ಗಡ್ಡೆ. ಸ್ಕ್ಯಾನ್ ಆಗದೆ ಡಾಕ್ಟರು ಆಪರೇಷನ್ನಿಗೆ ಕೈ ಹಾಕುವುದಿಲ್ಲ. ತಡವಾದರೆ ಆ ಕಿವಿ ಹೋಗುತ್ತದೆ, ಅದರ ಜೊತೆ ಸ್ಟೀರಿಂಗೂ ಹೋಗುತ್ತದೆ. ನಿದ್ದೆ ಬರಿಸುವ ಇಂಜೆಕ್ಷನ್ ಕೊಡಲೇ ಎಂದು ಕೇಳಿದರೆ, "ನನ್ನ ತಲೆಯೊಳಗೆ ಇಣುಕೋವಾಗ ನಾನು ಎಚ್ಚರ ಇರ್ಬೇಕು!" ಎಂಬ ಹಟ.

ಅವನನ್ನು ನಂಬಿ ಯಂತ್ರದೊಳಗೆ ಹೋದಳು.

ಮೂರನೇ ನಿಮಿಷಕ್ಕೆ ಅದು ಗುದ್ದತೊಡಗಿತು. ತಲೆಯ ಪಕ್ಕದಲ್ಲೇ ತಗಡಿಗೆ ಸುತ್ತಿಗೆ ಬಡಿದ ಹಾಗೆ! ಸಹಾಯಕ್ಕೆ ಕರೆಯಲು ಕೈಯಲ್ಲಿ ಕೊಟ್ಟಿದ್ದ ಬಟನ್ ಒತ್ತಿ ಹೊರಬಂದಳು.

"ಸುಳ್ಳು ತೋರ್ಸಿದ್ರಿ!"

"ಹೆದರ್ತೀರೇನೋ ಅಂತ... ಸದ್ದು ಸ್ವಲ್ಪ ತಗ್ಗಿಸಿದ್ದೆ."

"ಯಾರು ಕೇಳಿದ್ರು? ಮುಂದೆ ಗುಂಡಿ ಇದೆ ಅಂದ್ರೆ ಬ್ರೇಕ್ ಹಾಕೋಕೆ ನಂಗೆ ಬರುತ್ತೆ. ಗುಂಡಿ ಮೇಲೆ ಚಾಪೆ ಹಾಸಿ, ಬನ್ನಿ ಬನ್ನಿ ಅಂದ್ರೆ?"

ಅವನು ತಲೆ ತಗ್ಗಿಸಿದ.

"ಅಕ್ಕಾ, ಪಾಪ ಕಣೇ," ಜೊತೆಗೆ ಬಂದಿದ್ದ ತಂಗಿ ಪಿಸುಗುಟ್ಟಿದಳು. "ಹಾಲು ಚೆಲ್ಲಿದ ಬೆಕ್ಕಿನ ಹಾಗಾಗಿದೆ ಮುಖ."

"ಪಾಪ ಅನ್ಸಿದ್ರೆ ನೀನೇ ಹೋಗಿ ಮಲಕ್ಕೋ!"

ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಆದರೆ ಬೈಯಲೆಂದು ನೆನೆದಾಗಲೆಲ್ಲ ಆ ತಗ್ಗಿದ ತಲೆಯೇ ಎದುರಿಗೆ... ಛೆ!

ಎಂಟನೇ ದಿನ ಅವನೇ ಫೋನ್ ಮಾಡಿದ.

"ಕನ್ನಡಕದಲ್ಲಿ ಸದ್ದು ಪೂರ್ತಿ ಹಾಕಿದೀನಿ. ಇಪ್ಪತ್ತೆರಡು ನಿಮಿಷ. ತುಂಬಾ ಕೆಟ್ಟದಾಗಿದೆ."

"ಈಗ ಮನುಷ್ಯರ ಹಾಗೆ ಮಾತಾಡಿದ್ರಿ!"

ಮತ್ತೆ ಆಸ್ಪತ್ರೆಗೆ ಹೋಗಿ, ಕನ್ನಡಕ ಕಟ್ಟಿಕೊಂಡು ಮೊದಲ ಸಲ ಹಲ್ಲು ಕಚ್ಚಿದಳು. ಎರಡನೇ ಸಲ ಬಾಯಿಗೆ ಬಂದಂತೆ ಬೈದಳು. ಮೂರನೇ ಸಲ, ಯಾವ ಸದ್ದಿನ ಹಿಂದೆ ಯಾವುದು ಬರುತ್ತದೆಂದು ಅವಳಿಗೇ ಗೊತ್ತಿತ್ತು, ದಿನವೂ ಓಡಿಸುವ ದಾರಿಯ ತಿರುವುಗಳ ಹಾಗೆ.

ಆಮೇಲೆ ನಿಜವಾದ ಸುರಂಗ.

ಗುದ್ದು, ನೋಡೇಬಿಡೋಣ!

ಅವಳು ಅಲುಗಲಿಲ್ಲ.

ಆಪರೇಷನ್ ಆಯಿತು. ಕಿವಿ ಉಳಿಯಿತು. ಮತ್ತೆ ಸ್ಟೀರಿಂಗ್ ಹಿಡಿದ ವಾರವೇ ಅವನು ಅವಳ ಬಸ್ಸು ಹತ್ತಿದ. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರೂ ಅವಳ ಎಡಗಡೆ ನಿಂತೇ ಇದ್ದ.

"ಇಳಿಯಲ್ವಾ?"

"ಈ ಕಡೆಯಿಂದ ಮಾತಾಡಿದ್ರೆ ಕೇಳ್ಸುತ್ತಾ ಅಂತ..."

"ಕೇಳ್ಸುತ್ತೆ. ಮಾತಾಡಿ."

ಅವನು ಕೈಯಲ್ಲಿದ್ದ ಟಿಕೆಟ್ಟನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ.

"ಸರಿ, ನಾನೇ ಹೇಳ್ತೀನಿ. ನಂಗೆ ನೀವು ಬೇಕು. ಆದ್ರೆ ಇನ್ಮೇಲೆ ನನಗೋಸ್ಕರ ಏನನ್ನೂ ತಗ್ಗಿಸಬೇಡಿ."

"ತಗ್ಗಿಸಲ್ಲ... ನಂಗೂ ನೀವು ಬೇಕು. ತುಂಬಾ."

ಅವನು ಮಾತಿಗೆ ತಪ್ಪಲಿಲ್ಲ. ಅಂದು ಫೋನ್ ಮಾಡುವ ಮೊದಲು, ಆ ಸದ್ದು ಕಿವಿಗೆ ಎಷ್ಟು ಬಡಿಯುತ್ತದೆಂದು ತಿಳಿಯಲು ತಾನೇ ಯಂತ್ರದೊಳಗೆ ಮಲಗಿ, ನಾಲ್ಕು ಸಲ ಹೆದರಿ ಅರ್ಧಕ್ಕೇ ಎದ್ದು ಬಂದಿದ್ದನ್ನು ಮಾತ್ರ ಅವನು ಅವಳಿಗೆ ಎಂದೂ ಹೇಳಲಿಲ್ಲ.