ಕರೆವ್ವನಿಗೆ ಹೊದಿಸಿದ ಸೀರೆ

"ಇದು ದನದ ದವಾಖಾನಿರಿ. ಬೆಕ್ಕಿಗೆ ಇಲ್ಲಿ ಔಷಧ ಇಲ್ಲ."

ಕಂಪೌಂಡರ್ ಕಾಶಪ್ಪ ಎಮ್ಮೆಯ ಬಾಯಿಗೆ ಬಿದಿರಿನ ಗೊಟ್ಟದಿಂದ ಔಷಧಿ ಹೊಯ್ಯುತ್ತಲೇ, ತಿರುಗಿಯೂ ನೋಡದೆ ಹೇಳಿದ. ಎತ್ತು ಹಿಡಿದು ಸರತಿಯಲ್ಲಿ ನಿಂತವರು ನಕ್ಕರು.

ಗುರುಲಿಂಗವ್ವ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು. ಒಳಗೆ ಹತ್ತೊಂಬತ್ತು ವರ್ಷದ ಕರೆವ್ವ. ಕಪ್ಪು ಕೂದಲು ವಯಸ್ಸಿಗೆ ಕಂದಾಗಿದ್ದ ಆ ಬೆಕ್ಕು ತಲೆ ಎತ್ತಲಾರದೆ ಮಲಗಿತ್ತು.

"ನಾಕು ಕಾಲು ಅದಾವ, ಬಾಲ ಐತಿ. ಇನ್ನೇನ್ರಿ ಬೇಕು ನಿಮಗ? ಕೋಡು ಹಚ್ಚಿಸಿಕೊಂಡು ಬರ್ಲೇನು?"

ಈಗ ಜನ ಕಾಶಪ್ಪನನ್ನು ನೋಡಿ ನಕ್ಕರು. ಅವನೂ ನಗುತ್ತ ತಿರುಗಿದ. ಮಾತು ಅಷ್ಟು ಗಟ್ಟಿಯಾಗಿದ್ದ ಹೆಣ್ಣಿನ ಕಣ್ಣು ತುಂಬಿದ್ದು ಕಂಡಿತು... ಅವನ ನಗು ಅಲ್ಲೇ ನಿಂತಿತು.

ಕೈ ತೊಳೆದು ಬಂದು ಬೆಕ್ಕಿನ ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟ. ಚರ್ಮ ಎದ್ದಲ್ಲೇ ನಿಂತಿತು.

"ನೀರು ಭಾಳ ಕುಡೀತೈತೇನು?"

"ಬೋಗಾಣಿ ಖಾಲಿ ಮಾಡ್ತೈತಿ. ಕೂಳು ಮುಟ್ಟೂದಿಲ್ಲ."

"ಮೂತ್ರಪಿಂಡ ಸೋತಾವ. ಆರಾಮ ಆಗತೈತಿ ಅಂತ ಸುಳ್ಳ ಹೇಳೂದಿಲ್ಲ. ದಿನಾ ಚರ್ಮದ ಕೆಳಗ ಸಲಾಯಿನ್ ಹಾಕಿದ್ರ ಒಂದೆರಡು ತಿಂಗಳು ಬಾಳೀತು."

"ಹಾಕ್ರಿ. ಒಂದು ತಿಂಗಳಾದ್ರೂ ತಿಂಗಳೇ."

ಅದು ೧೯೮೧ರ ದೀಪಾವಳಿ ಮುಗಿದ ವಾರ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಗುರುಲಿಂಗವ್ವನಿಗೆ ಮೂವತ್ತಮೂರು ನಡೆದಿತ್ತು. ಅಪ್ಪ ಹಾಸಿಗೆ ಹಿಡಿದಾಗ ಮಗ್ಗಕ್ಕೆ ಇಳಿದವಳು, ತಮ್ಮ ಈರಪ್ಪನ ಮದುವೆ ಮಾಡುವ ಹೊತ್ತಿಗೆ ತನ್ನ ಮದುವೆಯ ವಯಸ್ಸು ದಾಟಿಸಿಕೊಂಡಿದ್ದಳು.

ಕರೆವ್ವ ಅವ್ವ ಸಾಕಿದ ಬೆಕ್ಕು. ಅವ್ವ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಾಗ ಅವಳ ಪಾದದ ಮೇಲೆ ಮಲಗುತ್ತಿತ್ತು. ಅವ್ವ ಹೋದ ಮೇಲೆ ಮಗಳ ಪಾದಕ್ಕೆ ಬಂತು. ಆ ಮನೆಯಲ್ಲಿ ಗುರುಲಿಂಗವ್ವನಿಗೆ ಮೈ ತಾಗಿಸಿ ಕೂಡುವ ಜೀವ ಅದೊಂದೇ.

ಅದೂ ಹೋದರೆ...? ಆ ಪ್ರಶ್ನೆಯನ್ನು ಅವಳು ಪೂರ್ತಿ ಕೇಳಿಕೊಂಡಿರಲಿಲ್ಲ.

ಕಾಶಪ್ಪ ದಿನಾ ಕೆಲಸ ಮುಗಿಸಿ ಸೈಕಲ್ ಮೇಲೆ ಬರತೊಡಗಿದ. ಮೂವತ್ತೆಂಟರ ವಿಧುರ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು.

"ಮಾಂಸದ ಸಾರು ಕುಡಿಸಿದ್ರ ಕಸುವು ಬರತೈತಿ," ಎಂದ ಒಂದು ದಿನ.

"ಲಿಂಗ ಕಟ್ಟಿದವರ ಮನ್ಯಾಗ ಮಾಂಸದ ಸಾರೇನ್ರಿ?"

ಪಕ್ಕದ ಮನೆಯ ಮಾಬುಬಿ ಗೋಡೆಯ ಆಚೆಯಿಂದ ಹೇಳಿದಳು: "ಬೆಕ್ಕೇನು ಲಿಂಗ ಕಟ್ಟಿಲ್ಲಲ್ಲ. ನಮ್ಮ ಕಟ್ಟಿ ಮ್ಯಾಲೆ ತಂದು ಕುಂಡ್ರಿಸು, ನಾ ಕುಡಸ್ತೇನಿ."

ಸಾರು ಮಾಬುಬಿಯ ಕಟ್ಟೆಯ ಮೇಲೆ, ಸೂಜಿ ಗುರುಲಿಂಗವ್ವನ ಪಡಸಾಲೆಯಲ್ಲಿ. ಕಾಶಪ್ಪ ಅವಳಿಗೂ ಸೂಜಿ ಹಾಕುವುದನ್ನು ಕಲಿಸಿದ.

"ನನ್ನ ಕೈ ನಡಗತೈತಿ."

"ದಿನಾ ಸಾವಿರ ರೇಷ್ಮಿ ಎಳಿ ಹಿಡಿಯೋ ಕೈ. ನಡಗೂದಿಲ್ಲ," ಎಂದು ಅವಳ ಬೆರಳ ಮೇಲೆ ತನ್ನ ಬೆರಳಿಟ್ಟ. ಸೂಜಿ ಇಳಿಯಿತು. ಅವನ ಬೆರಳು ಮಾತ್ರ ಒಂದು ಗಳಿಗೆ ಹೆಚ್ಚಾಗಿ ಅಲ್ಲೇ ಇತ್ತು...

ಸಾವಿತ್ರೆವ್ವ, ತಮ್ಮನ ಹೆಂಡತಿ, ಲಾಳಿ ಎಸೆಯುತ್ತ ಗೊಣಗಿದಳು. "ಸೂಜಿ ಬೆಕ್ಕಿಗೆ, ಕಣ್ಣು ಯಾರ ಮ್ಯಾಲೋ."

ಡಿಸೆಂಬರ್ ಬಂತು. ಕರೆವ್ವ ಎದ್ದು ಮೀಸೆ ಒರೆಸಿಕೊಳ್ಳುವಷ್ಟಾಗಿತ್ತು. ಶನಿವಾರ ಕಾಶಪ್ಪ ತಾಯಿಯನ್ನು ನೋಡಲು ಐಹೊಳೆಗೆ ಹೊರಟ.

"ಸೋಮವಾರ ಬರ್ತೇನಿ. ಬೆಚ್ಚಗ ಇಡ್ರಿ. ಆಮ್ಯಾಲೆ... ನಿಮ್ಮ ಹತ್ರ ಒಂದು ಮಾತು ಕೇಳೂದೈತಿ."

ಅವಳು ಮಾತು ಯಾವುದೆಂದು ಕೇಳಲಿಲ್ಲ. ಗೊತ್ತಿತ್ತು. ಉತ್ತರವೂ ಗೊತ್ತಿತ್ತು!

ಆ ಸಂಜೆ ಚಳಿ ಜೋರಾಯಿತು. ಗೋಣಿಚೀಲದ ಮೇಲೆ ಕರೆವ್ವ ನಡುಗುತ್ತಿತ್ತು. ಗುರುಲಿಂಗವ್ವ ಅವ್ವನ ಟ್ರಂಕು ತೆಗೆದಳು. ಮದುವೆಗೆ ಅವ್ವ ತಾನೇ ನೇಯ್ದು ಉಟ್ಟ ಸೀರೆ, ಕೆಂಪು ರೇಷ್ಮೆ ಸೆರಗು. ನುಸಿ ಹಿಡಿಯಬಾರದೆಂದು ದಸರೆಯಲ್ಲಿ ಅವಳೇ ಮಡಿಕೆ ಮಡಿಕೆಯಲ್ಲೂ ಇಟ್ಟಿದ್ದ ಡಾಂಬರು ಗುಳಿಗೆಗಳು ಉರುಳಿ ಬಿದ್ದವು. ಅವನ್ನು ಬದಿಗೆ ಸರಿಸಿ, ಸೀರೆ ಕೊಡವಿ, ಕರೆವ್ವನನ್ನು ಕೂಸಿನ ಹಾಗೆ ಸುತ್ತಿದಳು.

"ನಿನ್ನ ಅವ್ವನ ಸೀರಿ. ಮಲಕೋ."

ಕರೆವ್ವ ಸೆರಗನ್ನು ನೆಕ್ಕಿತು. ಆಮೇಲೆ ಮೈ ನೆಕ್ಕಿಕೊಂಡಿತು. ಅವಳಿಗೆ ಸಂತೋಷವಾಯಿತು.

ಭಾನುವಾರ ಕರೆವ್ವ ವಾಂತಿ ಮಾಡಿತು. ಅವಳು ಇನ್ನೂ ಬಿಗಿಯಾಗಿ ಸುತ್ತಿದಳು. ಸೋಮವಾರ ಮುಂಜಾನೆ ಅದರ ಬಾಯಿಯ ಒಳಗೆಲ್ಲ ಬಿಳುಚಿತ್ತು. ಹಾಲು ತರಲು ಓಡಿದಳು.

ತಿರುಗಿ ಬಂದಾಗ ಕಾಶಪ್ಪ ಪಡಸಾಲೆಯಲ್ಲಿ ಕೂತಿದ್ದ. ತೊಡೆಯ ಮೇಲೆ ಕರೆವ್ವ, ಬರೀ ಮೈಯಲ್ಲಿ, ಉಸಿರಿಲ್ಲದೆ. ಬಿಚ್ಚಿದ ಸೀರೆ ಅವನ ಮುಷ್ಟಿಯಲ್ಲಿತ್ತು.

"ಏನಾತು?"

ಅವನು ಸೀರೆ ನೋಡಿದ. ಅವಳ ಮುಖ ನೋಡಿದ. "ನಾನ ಇಂಜೆಕ್ಷನ್ ಮಾಡಿದೆ. ದನಕ್ಕ ಹಾಕೂ ಔಷಧ... ಅಳತಿ ಹೆಚ್ಚಾತು. ತಪ್ಪು ನಂದು."

ಹಾಲಿನ ತಂಬಿಗೆ ಕೆಳಗೆ ಬಿತ್ತು.

"ನನಗ ಒಂದು ಮಾತು ಕೇಳಬಾರದಾಗಿತ್ತೇನು?"

ಅವನು ಕರೆವ್ವನನ್ನು ಗೋಣಿಯ ಮೇಲೆ ಮಲಗಿಸಿ, ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡ.

"ಎದ್ದು ಹೋಗ್ರಿ. ಇನ್ನ ಈ ಓಣಿಯಾಗ ನಿಮ್ಮ ಸೈಕಲ್ ಕಾಣಬಾರದು."

ಕಾಣಲಿಲ್ಲ. ಮರುವಾರ ಅವಳೇ ದವಾಖಾನೆಗೆ ಹೋಗಿ, ಎತ್ತು ಹಿಡಿದು ನಿಂತ ಅಷ್ಟೂ ಜನರ ಎದುರು ಅವನನ್ನು ಕಟುಕ ಎಂದು ಬಂದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಸೀರೆ ಹದಿನೈದು ದಿನದ ಮೇಲೆ ಮಾಬುಬಿಯ ಕೈಯಲ್ಲಿ ಬಂತು. ಹಲವು ಸಲ ಒಗೆದು ಒಣಗಿಸಿದ್ದು, ಯಾವ ವಾಸನೆಯೂ ಇಲ್ಲದ್ದು. ಗಂಡಸು ಯಾಕೆ ಹೆಂಗಸಿನ ಸೀರೆ ಅಷ್ಟು ಒಗೆದ ಎಂದು ಯೋಚಿಸಲು ಅವಳ ಸಿಟ್ಟು ಬಿಡಲಿಲ್ಲ.

ಒಂದು ವರ್ಷ ಮಗ್ಗದ ಕುಣಿಯಲ್ಲಿ ಅವಳ ಪಾದಗಳು ತಣ್ಣಗಿದ್ದವು. ಆ ಚಳಿಗೆ ಒಂದು ಹೆಸರಿತ್ತು, ಕಾಶಪ್ಪ. ದಿನಾ ಬೈಯಲು ಒಬ್ಬನಿದ್ದ. ಅದರಲ್ಲೇ ದಿನ ಕಳೆದಳು.

ಮುಂದಿನ ಕಾರ್ತಿಕದಲ್ಲಿ ಮಾಬುಬಿಯ ಬೆಕ್ಕು ಮರಿ ಹಾಕಿತು. ಗುರುಲಿಂಗವ್ವ ನೋಡಲು ಹೋದಾಗ ಮರಿಗಳು ಬರೀ ಗೋಣಿಯ ಮೇಲಿದ್ದವು.

"ಮೆತ್ತನ್ನ ಅರಿವಿ ಹಾಕಬಾರದೇನು ಮಾಬುಬಿ?"

"ಹಾಕಿದ್ದೆ. ಟ್ರಂಕಿನಾಗಿಂದ ಶಾಲು ತಗದು ಹಾಸಿದ್ದೆ. ನಮ್ಮ ಆಡಿಗೆ ಔಷಧ ಕೊಡಾಕ ಸೈಕಲ್ ಬಿಟ್ಟು ಹಿತ್ತಲ ಬಾಗಿಲಿಂದ ಬಂದಿದ್ದ ಕಂಪೌಂಡರ್ ಅದನ್ನ ಕಿತ್ತು ಒಗದ. ಡಾಂಬರ ಗುಳಿಗಿ ವಾಸನಿ ಬೆಕ್ಕಿಗೆ ವಿಷ ಅಂತ. ಅರಿವಿ ನೆಕ್ಕಿದ್ರ ಎರಡು ದಿನದಾಗ ಸಾಯ್ತಾವ ಅಂತ. ನನಗೇನು ಗೊತ್ತವ್ವ? ಮೂಗು ಅದಕ್ಕ ರೂಢಿ ಆಗಿ..."

ಮಾತು ಮುಗಿಯುವ ಮೊದಲೇ ಗುರುಲಿಂಗವ್ವ ಬಾಗಿಲಿನತ್ತ ತಿರುಗಿದ್ದಳು.

ಸೀರೆ. ಎರಡು ದಿನ. ಇನ್ನೂ ಬಿಗಿಯಾಗಿ ಸುತ್ತಿದ್ದು... ಅವಳೇ!

ದವಾಖಾನೆಯಲ್ಲಿ ಅಂದು ದನಗಳಿರಲಿಲ್ಲ. ಕಾಶಪ್ಪ ಸೂಜಿ ಕುದಿಸುತ್ತಿದ್ದ. ಅವಳನ್ನು ಕಂಡು ಎದ್ದುನಿಂತ.

"ಇಂಜೆಕ್ಷನ್ ಮಾಡಿದ್ರೇನು ಅವತ್ತು?"

ಅವನು ಒಲೆ ಆರಿಸಿದ.

"ಖರೆ ಹೇಳ್ರಿ."

"ಇಲ್ಲ. ಸೂಜಿ ತಗಿಯೂದರಾಗ ಜೀವ ಹೋತು."

"ನನ್ನ ಕೈಯಾರೆ ಕೊಂದೆ. ಅವ್ವನ ಸೀರಿಯಾಗ ಸುತ್ತಿ."

"ಬೆಚ್ಚಗ ಇಡ್ರಿ ಅಂದಾಂವ ನಾನು. ಯಾವ ಅರಿವ್ಯಾಗ ಅಂತ ಹೇಳಲಿಲ್ಲ. ಮದಲಽ ಅದಕ್ಕ ಭಾಳ ದಿನ ಇದ್ದಿಲ್ಲ."

"ಎಷ್ಟಿತ್ತು?"

"ಒಂದು ತಿಂಗಳು. ಹೆಚ್ಚಂದ್ರ."

"ಒಂದು ತಿಂಗಳಾದ್ರೂ ತಿಂಗಳೇ," ಎಂದಳು. ಬಾಗಿಲಲ್ಲೇ ಕೂತಳು. ಅವನು ಮುಟ್ಟಲಿಲ್ಲ. ನೀರು ತಂದು ಪಕ್ಕದಲ್ಲಿಟ್ಟ.

ಅವಳು ಕೇಳಿದಳು, "ಯಾಕ ಸುಳ್ಳ ಹೇಳಿದ್ರಿ?"

"ನಿಮ್ಮ ಸಿಟ್ಟು ನನ್ನ ಮ್ಯಾಲೆ ಬಿದ್ದರ ನಾ ತಡಕೋತೇನಿ. ನಿಮ್ಮ ಮ್ಯಾಲೇ ಬಿದ್ದರ ನೀವು ಉಳೀತಿದ್ದಿಲ್ಲ. ನನಗ ನೀವು ಉಳೀಬೇಕಿತ್ತು."

"ನನ್ನನ್ನ ಕೂಸು ಮಾಡಿದ್ರಿ. ನನ್ನ ದುಃಖ ನನಗ ಕೊಡಲಿಲ್ಲ. ಒಂದು ವರ್ಷ ಇಬ್ಬರದೂ ಹಾಳಾತು. ಅದಕ್ಕೂ ನಿಮ್ಮ ಮ್ಯಾಲೆ ಸಿಟ್ಟೈತಿ."

"ಇರಲಿ. ಅದು ನ್ಯಾಯ ಐತಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕ್ಷಮಿಸಲು ಬಂದಿರಲಿಲ್ಲ, ಕ್ಷಮೆ ಕೇಳುವ ಧೈರ್ಯವೂ ಇರಲಿಲ್ಲ. ಆದರೆ ತಣ್ಣಗಿನ ಆ ಕುಣಿಗೆ ಒಬ್ಬಳೇ ತಿರುಗಿ ಹೋಗುವುದೂ ಆಗದು ಎಂದು ಅವಳಿಗೆ ಗೊತ್ತಿತ್ತು.

"ಸೋಮವಾರ ಒಂದು ಮಾತು ಕೇಳತೇನಿ ಅಂದಿದ್ರಿ."

"ವರ್ಷ ಆತು."

"ಕೇಳ್ರಿ."

"ನಮ್ಮ ಮನಿಗೆ ಬರ್ತೀರೇನು?"

"ವರ್ಷಪೂರ್ತಿ ನಿಮ್ಮನ್ನ ಬೈದೇನಿ. ಇನ್ನ ನಾ ಯಾರನ್ನ ಬೈಲಿ?"

"ನನ್ನನ್ನಽ ಬೈರಿ. ರೂಢಿ ಆಗೇತಿ."

ಅವಳು ನೀರಿನ ಲೋಟ ಎತ್ತಿಕೊಂಡಳು. "ಟ್ರಂಕು ತರ್ತೇನಿ," ಎಂದಳು. "ಗುಳಿಗಿ ತರೂದಿಲ್ಲ."