ಏಳು ವಾರ ಕುಂಡದಲ್ಲೇ ಉಳಿದ ಬೇಲಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ. ಬೀಗ ಕೊಂಡೂ ಆಗಿದೆ. ಬಳಸುವ ಸಂದರ್ಭ ಇನ್ನೂ ಬಂದಿಲ್ಲ, ಅಷ್ಟೆ.

ಇದು ನಮ್ಮ ಕತ್ತರಿಯ ಕಥೆ. ಕತ್ತರಿ ಎಂದರೆ ಮನುಷ್ಯನೇ. ವಯಸ್ಸು ನಲವತ್ತೊಂದು, ಅಕ್ಕನ ನರ್ಸರಿಯಲ್ಲಿ ಕೆಲಸ, ಸೊಂಟದಲ್ಲಿ ಸದಾ ಗಿಡ ಸವರುವ ಕತ್ತರಿ. ಯಾರ ಅಂಗಳಕ್ಕೆ ಯಾವ ಗಿಡ ಒಪ್ಪುತ್ತದೆಂದು ನೋಡಿ, ತಂದು ನೆಟ್ಟುಕೊಡುವುದು ಅವನ ಕಸುಬು. ಗಿಡದ ಮುಂದೆ ಗಂಟೆಗಟ್ಟಲೆ ಮಾತಾಡಬಲ್ಲವನಿಗೆ ಹೆಂಗಸರ ಮುಂದೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಅವನದೊಂದು ಪದ್ಧತಿಯಿತ್ತು. ಗಿಡ ತಂದವನೇ ಗುಂಡಿ ತೋಡುವುದಿಲ್ಲ. ನೆಡಬೇಕಾದ ಜಾಗದಲ್ಲಿ ಕುಂಡಸಮೇತ ಸಾಲಾಗಿ ಇಟ್ಟು ಒಂದು ವಾರ ಬಿಡುತ್ತಾನೆ. ಮನೆಯವರು ಅಡುಗೆಮನೆ ಕಿಟಕಿಯಿಂದ ನೋಡಬೇಕು, ಬೆಳಗಿನ ಬಿಸಿಲಲ್ಲಿ ನೋಡಬೇಕು, ಬಟ್ಟೆ ಒಣಹಾಕುವಾಗ ಕೊಂಬೆ ಅಡ್ಡ ಬರುತ್ತದೋ ನೋಡಬೇಕು. ಅವರು ಸರಿ ಎಂದ ಮೇಲೆಯೇ ಗುದ್ದಲಿ. ಯಾರ ಮನೆಯಲ್ಲೂ ಎರಡನೇ ವಾರ ಬೇಕಾಗಿರಲಿಲ್ಲ.

ಕನ್ನಡಕದ ಅಂಗಡಿಯವಳ ಮನೆಯಲ್ಲಿ ಏಳು ವಾರವಾಯಿತು.

ಅವಳು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವಳು. ಒಬ್ಬಳೇ ದುಡಿದು ಹೊಸದಾಗಿ ಮನೆ ಮಾಡಿಕೊಂಡಿದ್ದಳು. ಮೊದಲ ದಿನವೇ ಜಟಾಪಟಿ. ಕಾಂಪೌಂಡಿನ ಉದ್ದಕ್ಕೂ ಬರೀ ಹೂವಿನ ಗಿಡ ಬೇಕೆಂದಳು. ಹೂವು ಮುಗಿದ ಮೇಲೆ ಕಡ್ಡಿ ನೋಡಿಕೊಂಡು ಕೂರಬೇಕಾಗುತ್ತದೆ, ಮೂರರಲ್ಲಿ ಎರಡು ಪಾಲು ವರ್ಷವಿಡೀ ಹಸಿರಾಗಿರುವ ಗಿಡ ಇರಲಿ ಎಂದು ಇವನು ನೆಲ ನೋಡುತ್ತಲೇ ಹೇಳಿದ. ಅವಳು ಅದಕ್ಕೆ ಉತ್ತರವನ್ನೇ ಕೊಡದೆ, "ನೀವು ಗೇಟ್ ಕಡೆ ನೋಡೋವಾಗ ಕಣ್ಣು ಕಿರಿದು ಮಾಡ್ತೀರಿ. ನಿಮಗೆ ದೂರದ್ದು ಕಾಣಲ್ಲ. ನಾಳೆ ಅಂಗಡಿಗೆ ಬನ್ನಿ" ಎಂದಳು.

ಹೋದ. ಕನ್ನಡಕ ಮೂಗಿನ ಮೇಲೆ ಕೂತಾಗ ಅವನಿಗೆ ಮೊದಲು ಕಂಡಿದ್ದು ಅವಳ ಮುಖವೇ. ಫ್ರೇಮ್ ಸಮ ಕೂತಿದೆಯೇ ಎಂದು ಅವಳು ಬಗ್ಗಿ ನೋಡುತ್ತಿದ್ದಳು. ಎಡಹುಬ್ಬಿನ ನಡುವೆ ಕೂದಲಿಲ್ಲದ ಒಂದು ಪುಟ್ಟ ಗೆರೆ. ತುಟಿಯ ಅಂಚಿನಲ್ಲಿ ನಗುವೋ ಅನುಮಾನವೋ ಗೊತ್ತಾಗದ ಏನೋ ಒಂದು. ಕಾಣುತ್ತಾ ಎಂದು ಕೇಳಿದಳು. ಕಾಣುತ್ತೆ ಎಂದ. ಅವನ ನೆಮ್ಮದಿಯ ಕೊನೆಯ ದಿನ ಅದು.

ಇಪ್ಪತ್ತೆರಡು ಕುಂಡ ಇಳಿಸಿದ. ನಂದಿಬಟ್ಟಲು, ಕ್ರೋಟನ್, ಕಾಮಿನಿ, ನಡುನಡುವೆ ದಾಸವಾಳ. ವಾರ ಕಳೆದು ಬಂದಾಗ ಅವಳು ಸರಿ ಎನ್ನಲು ಬಾಯಿ ತೆರೆದಳು. ಇವನು ಲೆಕ್ಕ ಹಾಕಿದ. ಸರಿ ಎಂದರೆ ಇವತ್ತೇ ನೆಡಬೇಕು, ನೆಟ್ಟರೆ ಕೆಲಸ ಮುಗಿಯಿತು, ಆಮೇಲೆ ಈ ಗೇಟು ತಳ್ಳುವುದಕ್ಕೆ ಕಾರಣವೇ ಇಲ್ಲ. "ಇನ್ನೊಂದು ವಾರ ನೋಡಿ" ಎಂದುಬಿಟ್ಟ.

ಮುಂದಿನ ಶನಿವಾರ ದಾಸವಾಳವೊಂದು ಸಾಲಿನ ಆ ತುದಿಗೆ ಹೋಗಿತ್ತು. ಅಲ್ಲಿಗೆ ಇವನಿಗೆ ಚಳಿ ಹಿಡಿಯಿತು. ತಾನಿಟ್ಟದ್ದು ಅವಳಿಗೆ ಹಿಡಿಸಿಲ್ಲ ಎಂದುಕೊಂಡ. ಮತ್ತೆ ಮೊದಲಿನಂತೆ ಜೋಡಿಸಿದ. ಅದರ ಮುಂದಿನ ವಾರ ನಾಲ್ಕು ಕುಂಡ ಅದಲುಬದಲು. ಐದನೇ ವಾರ ಇಡೀ ಸಾಲೇ ತಿರುವುಮುರುವು. ಒಂದು ಕ್ರೋಟನ್ ಅಂತೂ ಎಷ್ಟು ಸಲ ಜಾಗ ಬದಲಿಸಿತ್ತೆಂದರೆ, ಬಿಸಿಲು ನಾಳೆ ಯಾವ ಕಡೆಯಿಂದ ಬರುತ್ತದೋ ಎಂದು ಎಲೆಗಳನ್ನು ಪಾಳಿಯ ಮೇಲೆ ತಿರುಗಿಸುತ್ತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ.

ಭಾನುವಾರದಿಂದ ಶುಕ್ರವಾರದವರೆಗೆ ಅವನಿಗೆ ಊಟ ರುಚಿಸದು. ಬೇರೆ ನರ್ಸರಿಯವರನ್ನು ಕರೆಸಿದ್ದಾಳೇನೋ. ಸೌಜನ್ಯಕ್ಕೆ ಬಾಯಿಬಿಟ್ಟು ಹೇಳುತ್ತಿಲ್ಲವೇನೋ. ಫೋನ್ ರಿಂಗಾದರೆ ಅವಳೇ ಬೇಡವೆನ್ನಲು ಮಾಡಿದ್ದಾಳೆಂದು ನಡುಕ, ಆಗದಿದ್ದರೆ ಮರೆತೇಬಿಟ್ಟಳೆಂದು ಸಂಕಟ. ಶನಿವಾರದ ಅಂಗಿಗೆ ಮಾತ್ರ ಇಸ್ತ್ರಿ ಬೀಳುವುದನ್ನು ಅಕ್ಕ ನೋಡಿಯೂ ನೋಡದಂತೆ ಇದ್ದಳು. ಆರನೇ ವಾರ ಕಳೆದ ಮೇಲೆ ಅವಳಿಗೂ ತಡೆಯಲಾಗಲಿಲ್ಲ.

"ಕುಂಡದಲ್ಲಿ ಕೂರಿಸಿ ಏನ್ ಸಾಧಿಸ್ತಿದ್ದೀಯೋ? ಶನಿವಾರ ಹನ್ನೆರಡಕ್ಕೆ ನಾನೇ ವ್ಯಾನ್ ತರ್ತೀನಿ. ನೆಟ್ಟಿದ್ರೆ ಸರಿ. ಇಲ್ಲಾಂದ್ರೆ ಅಷ್ಟನ್ನೂ ಹೇರ್ಕೊಂಡು ಬರ್ತೀನಿ, ನಿನ್ನನ್ನೂ ಸೇರಿಸಿ."

ಏಳನೇ ಶನಿವಾರ ಎಂಟಕ್ಕೇ ಹೋದ. ಕುಂಡಗಳು ಎಂದಿನಂತೆ ಕಲಸಿಹೋಗಿದ್ದವು. ಆದರೆ ಅವನ ಕಣ್ಣು ಒಂದು ಕಾಮಿನಿ ಗಿಡದ ಮೇಲೆ ನಿಂತಿತು. ಎಲೆ ಹಳದಿಯಾಗಿದೆ. ಕುಂಡ ಓರೆ ಮಾಡಿ ಬುಡ ಹೊರಗೆಳೆದ. ಮಣ್ಣೇ ಕಾಣಲಿಲ್ಲ. ಹೋಗಲು ಜಾಗವಿಲ್ಲದ ಬೇರು ತನ್ನ ಸುತ್ತ ತಾನೇ ಸುತ್ತಿ ಸುತ್ತಿ ಹಗ್ಗದ ಸಿಂಬಿಯಂತಾಗಿತ್ತು. ಅವನಿಗೆ ಮುಖ ಎತ್ತಲಾಗಲಿಲ್ಲ. ಗಿಡ ಬದುಕಿಸುವುದೊಂದೇ ಅವನಿಗೆ ಬರುತ್ತಿದ್ದ ವಿದ್ಯೆ. ಅದನ್ನೂ ಕೆಡಿಸಿಕೊಂಡಿದ್ದ.

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲ ಬಳಿ ಬಂದು ನಿಂತಿದ್ದಳು.

"ಇವು ಇನ್ನೊಂದು ವಾರ ತಡೆಯಲ್ಲ. ಇವತ್ತೇ ನೆಲಕ್ಕೆ ಹೋಗ್ಬೇಕು. ತಪ್ಪು ನಂದೇ" ಎಂದ.

ಅವಳು ಕೈಯನ್ನು ಸೊಂಟದಿಂದ ಇಳಿಸಿದಳು. ಆಮೇಲೆ ಕೇಳಿದಳು, "ನೆಟ್ಟ ಮೇಲೆ?"

"ನೆಟ್ಟ ಮೇಲೆ ನೀರು ನೀವೇ ಹಾಕ್ಬಹುದು. ನನಗೆ ಬರೋಕೆ ನೆಪ ಇರಲ್ಲ."

ನೆಪ ಎಂದದ್ದು ಅವನಿಗೇ ಕೇಳಿಸಿತು. ಕಿವಿಯ ತುದಿಯವರೆಗೂ ಕೆಂಪಾದ. ಕನ್ನಡಕ ತೆಗೆದು ಅಂಗಿಗೆ ಒರೆಸತೊಡಗಿದ, ಅದರಲ್ಲಿ ಧೂಳೇ ಇರಲಿಲ್ಲ.

"ಹಾಕ್ಕೊಳ್ಳಿ ಅದನ್ನ" ಎಂದಳು. ಹಾಕಿಕೊಂಡ. "ಆ ದಾಸವಾಳದ ಕುಂಡ ಎಷ್ಟು ಭಾರ ಇದೆ ಗೊತ್ತಾ ನಿಮಗೆ? ಪ್ರತಿ ಶುಕ್ರವಾರ ಅದನ್ನ ಎಳೆದೂ ಎಳೆದೂ ನನ್ನ ನಡು ಹಿಡ್ಕೊಂಡಿದೆ. ಮೊದಲನೇ ವಾರ ಇಟ್ಟಿದ್ರಲ್ಲ, ಅದೇ ಚೆನ್ನಾಗಿತ್ತು."

"ಮತ್ಯಾಕೆ ಸರಿಸಿದ್ರಿ?"

"ಸಾಲು ಸರಿ ಇದ್ರೆ ನೀವು ಮತ್ತೆ ಬರ್ತಿದ್ರಾ?"

ಅವಳು ಒಂದು ಹೆಜ್ಜೆ ಹತ್ತಿರ ಬಂದು, ಅಂಗಡಿಯಲ್ಲಿ ಗಾಜು ಬದಲಿಸಿ ಬದಲಿಸಿ ಕೇಳುವ ಅದೇ ದನಿಯಲ್ಲಿ ಕೇಳಿದಳು. "ನಿಧಾನವಾಗಿ ಹೇಳಿ. ಒಂದನೇದು, ನೀವು ಇಲ್ಲಿಗೆ ಬಂದಿದ್ದು ಗಿಡಕ್ಕೆ. ಎರಡನೇದು, ನನಗೋಸ್ಕರ. ಯಾವುದು ಸ್ಪಷ್ಟವಾಗಿದೆ?"

"ಎರಡನೇದು" ಎಂದ. ಈ ಸಲ ನೆಲ ನೋಡಲಿಲ್ಲ.

ಅವಳ ತುಟಿಯಂಚಿನಲ್ಲಿದ್ದದ್ದು ಆಗ ನಗುವೇ ಎಂದು ಖಚಿತವಾಯಿತು.

ಅಕ್ಕನ ವ್ಯಾನ್ ಬಂದಾಗ ಹದಿನಾರು ಗುಂಡಿಯಾಗಿತ್ತು, ಇಬ್ಬರ ಮುಖಕ್ಕೂ ಕೆಸರು ಮೆತ್ತಿತ್ತು. ಅವನು ಚಾಕು ತೆಗೆದು ಕಾಮಿನಿಯ ಬೇರಿನ ಸಿಂಬಿಯನ್ನು ಮೇಲಿನಿಂದ ಕೆಳಗೆ ಸೀಳುತ್ತಿದ್ದ. ಅದಕ್ಕೆ ನೋವಾಗಲ್ವಾ ಎಂದು ಅವಳು ಕೈ ಹಿಡಿದಳು. ಕೊಯ್ಯದಿದ್ದರೆ ಕುಂಡ ಹೋದದ್ದೇ ಅದಕ್ಕೆ ತಿಳಿಯುವುದಿಲ್ಲ, ಮಣ್ಣಿನಲ್ಲೂ ಸುತ್ತುತ್ತಲೇ ಇರುತ್ತದೆ ಎಂದ. ಹಿಡಿದ ಕೈಯನ್ನು ಅವಳು ಬಿಡಲಿಲ್ಲ. ಅಕ್ಕ ಗೇಟಿನಿಂದಲೇ ನೋಡಿ, ಖಾಲಿ ವ್ಯಾನ್ ತಿರುಗಿಸಿಕೊಂಡು ಹೋದಳು.

ಕಾಮಿನಿ ಒಂದೇ ವಾರದಲ್ಲಿ ಎಲೆಯೆಲ್ಲ ಉದುರಿಸಿತು. ಅವನು ಈಗ ದಿನವೂ ಬರುತ್ತಿದ್ದ, ನೆಪವಿಲ್ಲದೆ. ಇಬ್ಬರೂ ಬರಿಗಡ್ಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಇದು ಸತ್ತರೆ ನಮ್ಮದೇನಾಗುತ್ತದೋ ಎಂದು ಒಳಗೊಳಗೇ ಹೆದರಿ, ಅದನ್ನು ಹೇಳಿಕೊಳ್ಳದೆ ಮಣ್ಣು ಮುಟ್ಟಿ ನೋಡುತ್ತಿದ್ದರು. ಇಪ್ಪತ್ತೊಂದನೇ ದಿನ ಬೆಳಗ್ಗೆ ಬುಡದ ಹತ್ತಿರ ಸಾಸಿವೆಯಷ್ಟು ಹಸಿರು. ಅವಳು ಅದನ್ನು ನೋಡಿ ಅತ್ತಳು. ಅವನು ಅವಳನ್ನು ನೋಡಿ, ಮದುವೆಯಾಗೋಣ್ವಾ ಎಂದ. ಆ ಕಾಮಿನಿ ಅದನ್ನು ಕೇಳಿಸಿಕೊಂಡಿತು ನೋಡಿ, ಅವತ್ತು ಸಂಜೆಯೊಳಗೆ ಆರಡಿ ಬೆಳೆದು, ಕಿಟಕಿಯೊಳಗೆ ತಲೆ ಹಾಕಿ, ಮದುವೆಯ ದಿನ ಯಾವುದೆಂದು... ಅರೆ, ನೀವು ಎದ್ದಿರೇಕೆ, ಚಪ್ಪಲಿ ಆಮೇಲೆ ಹಾಕಿಕೊಳ್ಳಿ, ದಾಸವಾಳ ಏನು ಮಾಡಿತೆಂದು ಇನ್ನೂ ಹೇಳಿಲ್ಲ, ಅದು ತನ್ನ ಕುಂಡವನ್ನು ತಾನೇ...